ರಾಗಿ ಡಬ್ಬದೊಳಗೆ ಕಾವಿನ ಮೊಟ್ಟೆ

ನಾವು ಚಿಕ್ಕವರಿದ್ದಾಗ ಮನೆ ಬದಲಾಯಿಸಲು ಯಾರೂ ರಟ್ಟಿನ ಪೆಟ್ಟಿಗೆ ಕೊಳ್ಳುತ್ತಿರಲಿಲ್ಲ. ಮನೆಯಲ್ಲಿದ್ದ ಒಂದು ಸಾಮಾನೇ ಇನ್ನೊಂದಕ್ಕೆ ಪೆಟ್ಟಿಗೆ. ಹಂಡೆಯೊಳಗೆ ಪಾತ್ರೆ, ಪಾತ್ರೆಯೊಳಗೆ ಲೋಟ, ಕಂಬಳಿಯ ಮಡಿಕೆಯಲ್ಲಿ ದೇವರ ಫೋಟೋ. ಒಡೆಯುವಂಥದ್ದು ಏನಿದ್ದರೂ ರಾಗಿಯೊಳಗೆ.

ನಾನಾಗ ನಾಲ್ಕನೇ ತರಗತಿ. ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಪ್ಪನಿಗೆ ಮಲ್ಲಿಪಟ್ಟಣದಿಂದ ಹೊಳೆನರಸೀಪುರಕ್ಕೆ ವರ್ಗವಾಗಿತ್ತು. ಅವ್ವನಿಗೆ ಸಾಮಾನಿನ ಚಿಂತೆ ಅಷ್ಟಿರಲಿಲ್ಲ. ಅವಳ ಕಪ್ಪು ಕೋಳಿ ಕಾವಿಗೆ ಕೂತು ಹದಿನೆಂಟು ದಿನವಾಗಿತ್ತು. ಮರಿಯಾಗಲು ಇನ್ನು ಮೂರೇ ದಿನ.

"ಕೋಳೀನ ಪಕ್ಕದ ಮನೆ ದೇವೀರಕ್ಕಂಗೆ ಕೊಟ್ಬುಟ್ಟು ನಡಿಯೇ. ಲಾರೀಲಿ ಕಾವು ಕೂತದಾ ಅದು?" ಎಂದ ಅಪ್ಪ.

"ಊರು ಬುಟ್ಟು ಬಾ ಅಂದ್ರಿ, ಬತ್ತಾ ಇವ್ನಿ. ಇದ್ನೂ ಬುಟ್ಟು ಬಾ ಅನ್ಬ್ಯಾಡಿ. ನನ್ ತೊಡೆ ಮ್ಯಾಲೆ ಮಡಿಕಂಡು ಬತ್ತೀನಿ," ಎಂದಳು ಅವ್ವ.

ಬಿದಿರು ಬುಟ್ಟಿಯಂಥ ಮಂಕರಿಯಲ್ಲಿ ಹುಲ್ಲು ಹಾಸಿ ಹನ್ನೊಂದು ಮೊಟ್ಟೆ ಇಟ್ಟಿದ್ದಳು. ಕಾವಿಗಿಡುವ ಮೊಟ್ಟೆ ಬೆಸವಾಗಿಯೇ ಇರಬೇಕು. ಬೇರೆ ಕೋಳಿ ಬಂದು ಇಟ್ಟುಹೋದ ಮೊಟ್ಟೆ ಬೆರೆತರೆ ಗೊತ್ತಾಗಲೆಂದು ಪ್ರತಿಯೊಂದಕ್ಕೂ ಇದ್ದಿಲಿನಿಂದ ಒಂದು ಗೀಟು ಎಳೆದಿದ್ದಳು.

ಹೊರಡುವ ಬೆಳಿಗ್ಗೆ ನಾನು ಅವ್ವನ ಸೆರಗು ಹಿಡಿದೇ ತಿರುಗುತ್ತಿದ್ದೆ. ಅವಳು ದೊಡ್ಡ ತಗಡಿನ ಡಬ್ಬದ ರಾಗಿಯೊಳಗೆ ಲಾಟೀನಿನ ಗಾಜನ್ನು ಹೂತಳು. ಆಮೇಲೆ ಸಾರಿಗೆಂದು ಇಟ್ಟಿದ್ದ ಏಳು ಮೊಟ್ಟೆಗಳನ್ನೂ ಒಂದೊಂದಾಗಿ ಇಳಿಸಿದಳು.

"ಒಡೆಯಕಿಲ್ವಾ ಅವ್ವಾ?"

"ರಾಗಿ ಒಳಗೆ ಇದ್ರೆ, ಮೊಟ್ಟೆ ಐತೆ ಅಂತ ರೋಡ್ ಗುಂಡಿಗೆ ಗೊತ್ತೇ ಆಗಕಿಲ್ಲ ಕಣವ್ವ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಪ್ಪು ಕೋಳಿ ಮೇವಿಗೆ ಇಳಿದ ಹೊತ್ತು ನೋಡಿ ಮಂಕರಿಯ ಹನ್ನೊಂದನ್ನೂ ತೆಗೆದು ಅದೇ ರಾಗಿಯೊಳಗೆ ಹೂತೆ. ಕೈಗೆ ಬೆಚ್ಚಗೆ ಹತ್ತುತ್ತಿದ್ದವು, ಪುಕ್ಕದ ಧೂಳಿನ ವಾಸನೆ ಬರುತ್ತಿತ್ತು. ಕೋಳಿಯನ್ನು ಹಿಡಿದು ಬರಿಯ ಹುಲ್ಲಿನ ಮೇಲೆ ಕೂರಿಸಿ ಮಂಕರಿಗೆ ಬಟ್ಟೆ ಕಟ್ಟಿದೆ. ಅವ್ವನಿಗೆ ಅಲ್ಲಿ ಹೋದ ಮೇಲೆ ಹೇಳಿದರಾಯಿತು, ಖುಷಿಪಡುತ್ತಾಳೆ ಎಂದುಕೊಂಡೆ.

ಲಾರಿಯ ಮುಂದೆ ಕೂತು ಹುಚ್ಚೆಳ್ಳು ಚಟ್ನಿ, ರೊಟ್ಟಿ ತಿನ್ನುತ್ತಾ ಹೋದೆವು. ಅವ್ವ ಮಾತ್ರ ತಿನ್ನಲಿಲ್ಲ, ಎರಡೂ ಕೈಯಲ್ಲಿ ಮಂಕರಿ ತಬ್ಬಿಕೊಂಡಿದ್ದಳು. ಒಂದೊಂದು ಗುಂಡಿಗೂ "ಮೆತ್ತಗೆ ಓಗಣ್ಣಾ" ಎನ್ನುತ್ತಿದ್ದಳು.

"ಏನಕ್ಕಾ, ಒಳಗೆ ಬಾಣಂತಿ ಐತಾ?" ಎಂದು ನಕ್ಕ ಡ್ರೈವರು.

"ಇನ್ ಮೂರ್ ದಿನಕ್ಕೆ ಬಾಣಂತಿ ಕಣಣ್ಣಾ."

ಹೊಸ ಮನೆಯಲ್ಲಿ ಬಟ್ಟೆ ಬಿಚ್ಚಿದೊಡನೆ ಕೋಳಿ ಹಾರಿ ಆಚೆ ಬಿತ್ತು. ಮಂಕರಿಯಲ್ಲಿ ಹುಲ್ಲಷ್ಟೇ ಇತ್ತು.

"ಮೊಟ್ಟೆ ಎಲ್ಲೇ?"

"ರಾಗೀಲಿ ಮಡಗಿವ್ನಿ ಅವ್ವಾ. ಒಂದೂ ಒಡೆದಿರಕಿಲ್ಲ, ನೋಡು ಬೇಕಾರೆ."

ಅವ್ವ ಡಬ್ಬ ಎಳೆದುಕೊಂಡು ಅಲ್ಲೇ ಕೂತಳು. ಆಮೇಲೆ ರಾಗಿಯನ್ನು ಮೊರಕ್ಕೆ ಸುರಿದಳು. ಹದಿನೆಂಟು ಮೊಟ್ಟೆ, ಒಂದೂ ಒಡೆದಿರಲಿಲ್ಲ. ಆದರೆ ದಾರಿಯುದ್ದಕ್ಕೂ ಕಾಳು ಉಜ್ಜಿ ಉಜ್ಜಿ ಇದ್ದಿಲಿನ ಗೀಟೂ ಉಳಿದಿರಲಿಲ್ಲ. ಎಲ್ಲವೂ ಒಂದೇ ಥರ, ಎಲ್ಲವೂ ತಣ್ಣಗೆ.

"ಓಗ್ಲಿ ಬುಡು, ಎಲ್ಲಾನೂ ಬೇಯ್ಸಿ..." ಎಂದು ಶುರುಮಾಡಿದ ಅಪ್ಪ, ಅವ್ವನ ಮುಖ ನೋಡಿ ಸೌದೆ ತರಲು ಹೋದ.

ಅವ್ವ ಎದ್ದು ಮೂರು ಕಲ್ಲು ಹೂಡಿ ನೀರು ಕಾಯಿಸಿದಳು. ಬೋಗುಣಿಗೆ ಬಗ್ಗಿಸಿ ಮುಂಗೈ ಅದ್ದಿ ನೋಡಿದಳು. ಒಂದು ಲೋಟ ತಣ್ಣೀರು ಬೆರೆಸಿ ಮತ್ತೆ ಅದ್ದಿದಳು. ಆಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಬಿಟ್ಟಳು. ಏಳು ತಳ ಸೇರಿದವು, ಹನ್ನೊಂದು ತೇಲಿದವು.

ಯಾವುದು ಸಾರಿನದು, ಯಾವುದು ಕಾವಿನದು ಎಂದು ಗೊತ್ತಾಯಿತು. ಆದರೆ ಒಳಗೆ ಜೀವ ಉಳಿದಿದೆಯೋ ಇಲ್ಲವೋ?

"ಉಸ್ರು ಬುಡಬ್ಯಾಡಿ, ನೀರು ಅಲ್ಲಾಡ್ತದೆ," ಎಂದಳು ಅವ್ವ.

ಮೂವರೂ ಬೋಗುಣಿಯ ಮೇಲೆ ಬಗ್ಗಿದೆವು. ನೀರು ನಿಂತಿತು. ಏನೂ ಅಲ್ಲಾಡಲಿಲ್ಲ. ಆಗ ಅಂಚಿನಲ್ಲಿದ್ದ ಒಂದು ಮೊಟ್ಟೆ, ಒಳಗೆ ಯಾರೋ ಮಗ್ಗುಲು ಬದಲಾಯಿಸಿದ ಹಾಗೆ, ಸಣ್ಣಗೆ ನಡುಗಿತು. ಸುತ್ತ ಒಂದು ಬಳೆಯಷ್ಟು ಅಲೆ ಎದ್ದಿತು. ಅದರ ಹಿಂದೆ ಇನ್ನೊಂದು.

"ಅವೆ ಕಣೇ! ಬದುಕವೆ!" ಅವ್ವ ನನ್ನ ತೋಳು ಹಿಡಿದು ಅಲ್ಲಾಡಿಸಿದಳು.

ಒಂಬತ್ತು ಅಲ್ಲಾಡಿದವು. ಎರಡು ಸುಮ್ಮನೆ ತೇಲುತ್ತಿದ್ದವು. ಆ ಎರಡನ್ನು ಅವ್ವ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. ನನಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಒಂಬತ್ತನ್ನು ಒರೆಸಿ, ಕತ್ತಲೆ ಮೂಲೆಯಲ್ಲಿ ಕೋಳಿಯ ಕೆಳಗೆ ಸೇರಿಸಿದಳು. ಅದು ರೆಕ್ಕೆ ಅಗಲಿಸಿ ಕೂತಿತು. ನಾಲ್ಕನೆಯ ದಿನ ಎಂಟು ಮರಿ ಹೊರಬಂದವು.

ಆಮೇಲೆ ಹಾಸನದಲ್ಲಿ ಬಾಡಿಗೆಗೆ ಹಿಡಿದ ಮನೆಗಳಲ್ಲಿ ಕೋಳಿ ಸಾಕಲು ಬಿಡಲಿಲ್ಲ. ಅವ್ವನೂ ಈಗಿಲ್ಲ. ಮೊನ್ನೆ ನಾವು ಮತ್ತೆ ಮನೆ ಬದಲಾಯಿಸುವಾಗ ಮಗಳಿಗೆ ಈ ಕಥೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು, "ನೀರು ಎಷ್ಟು ಬಿಸಿ ಇರ್ಬೇಕಮ್ಮಾ?" ಎಂದಳು.

"ಮುಂಗೈಗೆ ಹಿತ ಅನ್ನಿಸ್ಬೇಕು."

"ಹಿತ ಅಂದ್ರೆ ಎಷ್ಟು?"

ಅವ್ವ ಎರಡು ಸಲ ಕೈ ಅದ್ದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ ಸಲ ಅವಳ ಮುಂಗೈಗೆ ಏನು ಸರಿಬರಲಿಲ್ಲ, ಎರಡನೇ ಸಲ ಏನು ಸರಿಹೋಯಿತು ಎಂಬುದಷ್ಟೇ ನನಗೆ ಗೊತ್ತಿಲ್ಲ.