ವತ್ಸಲಾ ಅವರ ಪಾಲಿಗೆ ಕೊಟ್ಟ ಚರ್ಮ

ವತ್ಸಲಾ ಅವರೇ, ಆ ಪರೀಕ್ಷೆಯಲ್ಲಿ ನಾನು ಮೋಸ ಮಾಡಿದೆ. ನಿಮ್ಮ ಜೆಲ್‌ಗೆ ದಪ್ಪ ಚರ್ಮ ಕೊಟ್ಟು, ನನ್ನದಕ್ಕೆ ತೆಳು ಚರ್ಮ ಇಟ್ಟುಕೊಂಡೆ. ಈ ಎರಡು ವಾಕ್ಯ ಬರೆಯಲು ಎಷ್ಟು ಸಲ ಕೂತು ಎದ್ದಿದ್ದೇನೋ — ಈಗ ಬರೆದಾಯಿತು. ಉಳಿದದ್ದನ್ನು ನಮ್ಮಿಬ್ಬರನ್ನೂ ಅರಿಯದವರು ಓದಿದರೂ ತಿಳಿಯುವ ಹಾಗೆ ಹೇಳುತ್ತೇನೆ. ಗೆದ್ದಾಗ ನಾಲ್ಕು ಜನರ ಮುಂದೆ ಗೆದ್ದವನು ನಾನು; ತಪ್ಪೊಪ್ಪಿಗೆಯೂ ಹಾಗೇ ಇರಲಿ.

ತೊಂಬತ್ತರ ದಶಕದ ಕೊನೆ. ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ಲ್ಯಾಬಿಗೆ ನಾವಿಬ್ಬರೂ ಟ್ರೈನಿಗಳಾಗಿ ಸೇರಿದ್ದೆವು. ಕೀಲುನೋವಿಗೆ ಹಚ್ಚುವ ಜೆಲ್ ಮಾಡಬೇಕಿತ್ತು. ಮಾತ್ರೆ ನುಂಗಿ ಹೊಟ್ಟೆ ಸುಟ್ಟುಕೊಳ್ಳುವ ಬದಲು ಔಷಧ ಚರ್ಮದ ಮೂಲಕವೇ ಇಳಿಯಬೇಕು. ಇಬ್ಬರೂ ಒಂದೊಂದು ಜೆಲ್ ಮಾಡಿದೆವು. ಯಾರದ್ದು ಹೆಚ್ಚು ಇಳಿಸುತ್ತದೋ ಅವರ ಕೆಲಸ ಖಾಯಂ ಎಂದು ಮ್ಯಾನೇಜರು ಹೇಳಿದ್ದರು. ನರಸೀಪುರದ ನಮ್ಮ ಕೇರಿಯಲ್ಲಿ ಪದವಿ ಪಡೆದ ಮೊದಲಿಗ ನಾನು. ಹಾಗೆ ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಕೆಲಸವಿಲ್ಲದೆ ಆ ಕೇರಿಗೆ ವಾಪಸು ಹೋಗುವುದು ಮಾತ್ರ...

ಪರೀಕ್ಷೆ ಸರಳ. ಗಾಜಿನ ಪಾತ್ರೆಯ ನಡುವೆ ಮೇಕೆಯ ಚರ್ಮ ಬಿಗಿದು, ಮೇಲೆ ಜೆಲ್ ಸವರಬೇಕು. ಕೆಳಗೆ ಮೈಬಿಸಿಯಷ್ಟು ಬೆಚ್ಚಗಿನ ನೀರು. ಗಂಟೆಗೊಮ್ಮೆ ಆ ನೀರು ತೆಗೆದು ಎಷ್ಟು ಔಷಧ ಇಳಿದಿದೆ ಎಂದು ನೋಡಬೇಕು. ಚರ್ಮ ತರುವ ಕೆಲಸ ನನ್ನದು. ಮಾಂಸದಂಗಡಿಯವನೇ ಕೂದಲು, ಕೊಬ್ಬು ಕೆರೆದು ಕೊಡುತ್ತಾನೆಂದು ಎಲ್ಲರಿಗೂ ಹೇಳಿದ್ದೆ. ಕೆರೆಯುತ್ತಿದ್ದವರು ನಮ್ಮಪ್ಪ. ತಮಟೆಗೆ ಚರ್ಮ ಹದ ಮಾಡಿದ ಕೈ ಅದು — ಒಂದು ಗೀರೂ ಬೀಳದಂತೆ, ಎಲ್ಲ ಕಡೆ ಒಂದೇ ಸಮ.

ನೀವು ನಂಜನಗೂಡಿನ ಅರ್ಚಕರ ಮನೆಯವರು. ಮೊದಲ ದಿನ ಚರ್ಮ ಮುಟ್ಟಿದವರೇ ಬೇಸಿನ್ ಕಡೆ ಓಡಿದಿರಿ. ಮುಖ ತೊಳೆದು ಬಂದು, ನಿಮ್ಮ ಅವಸ್ಥೆಗೆ ನೀವೇ ನಗುತ್ತಾ, "ನಿಮ್ಮ ಕೈ ಪಳಗಿದೆ ಕಣ್ರೀ. ನನ್ನ ಪಾಲಿಂದೂ ನೀವೇ ರೆಡಿ ಮಾಡ್ಕೊಡ್ತೀರಾ?" ಎಂದಿರಿ. ನನಗೆ ಕೇಳಿಸಿದ್ದು 'ನಿಮ್ಮ ಜನದ ಕೈ' ಎಂದು. ನೀವು ಹಾಗೆ ಅನ್ನಲಿಲ್ಲ. ಆಮೇಲೆ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಅದರಲ್ಲಿ ಅಂಥದ್ದೇನೂ ಇಲ್ಲ. ಇರಲಿ ಎಂದು ಬಯಸಿದವನು ನಾನು — ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮೊದಲೆರಡು ಸುತ್ತಿನಲ್ಲಿ ನಿಮ್ಮ ಜೆಲ್ಲೇ ಹೆಚ್ಚು ಇಳಿಸಿತು. ಕೊನೆಯ ಸುತ್ತು ಮ್ಯಾನೇಜರ ಮುಂದೆ. ಅದರ ಹಿಂದಿನ ದಿನ ಊರಿಗೆ ಹೋಗಿ, ಅರ್ಧದಷ್ಟು ಚರ್ಮವನ್ನು ಇನ್ನೂ ತೆಳ್ಳಗೆ ಕೆರೆದುಕೊಡು ಎಂದು ಅಪ್ಪನನ್ನು ಕೇಳಿದೆ. ಅಪ್ಪ ಕತ್ತಿ ಕೆಳಗಿಟ್ಟರು.

"ಇಷ್ಟು ಕೆರುದ್ರೆ ಅದು ಚರ್ಮ ಅಲ್ಲ ಕಣ್ಲಾ, ಸೋಸೋ ಬಟ್ಟೆ. ಏನಾಕುದ್ರೂ ಇಳೀತದೆ."

ಲ್ಯಾಬಿನಲ್ಲಿ ಹಾಗೇ ಬೇಕಂತೆ ಎಂದೆ. "ಓದ್ದೋನು ನೀನು, ನಿಂಗೇ ಗೊತ್ತಿರ್ಬೇಕು" ಎಂದು ಮತ್ತೆ ಕೆರೆಯತೊಡಗಿದರು. ಆಮೇಲೆ ನನ್ನ ಮುಖ ನೋಡಲಿಲ್ಲ.

ಮರುದಿನ ನನ್ನ ಜೆಲ್ ಗೆದ್ದಿತು. ನೀವು ಎರಡೂ ನೋಟ್‌ಬುಕ್ ಪಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದಿರಿ.

"ಚರ್ಮ ಎರಡಕ್ಕೂ ಒಂದೇ ಥರದ್ದು ಅಲ್ವಾ?"

"ಹೂಂ ಮೇಡಂ, ಒಂದೇ."

"ಹಾಗಾದ್ರೆ ದೋಷ ನನ್ನದರಲ್ಲೇ ಇದೆ" ಎಂದು ನೋಟ್‌ಬುಕ್ ಮುಚ್ಚಿದಿರಿ. ಅನುಮಾನಪಟ್ಟಿದ್ದರೆ — ಒಂದು ಮಾತು ಜಗಳವಾಡಿದ್ದರೆ — ಇಲ್ಲ, ಅದನ್ನೂ ನಿಮ್ಮ ಮೇಲೆ ಹಾಕಬಾರದು.

ನೀವು ಕೆಲಸ ಬಿಟ್ಟಿರಿ. ನಾನು ಖಾಯಂ ಆದೆ. ನನ್ನ ಜೆಲ್ ಟ್ಯೂಬಿನಲ್ಲಿ ಬಂತು. ಮೊದಲ ಟ್ಯೂಬನ್ನು ಅಪ್ಪನ ಭುಜಕ್ಕೆ ನಾನೇ ಹಚ್ಚಿದೆ. "ತಣ್ಗದೆ," ಎಂದರು, ಸ್ವಲ್ಪ ಹೊತ್ತು ಬಿಟ್ಟು, "ನೋವು ಇದ್ದಂಗೇ ಅದೆ." ಕೆಲವು ವರ್ಷಕ್ಕೆ ಕಂಪನಿಯೂ ಅದನ್ನು ನಿಲ್ಲಿಸಿತು. ಅಷ್ಟರೊಳಗೆ ಯಾರ್ಯಾರು ನಂಬಿ ಕೊಂಡು ಮಂಡಿಗೆ ಹಚ್ಚಿಕೊಂಡರೋ. ನಿಮ್ಮ ಜೆಲ್ ಅವರ ನೋವು ಇಳಿಸುತ್ತಿತ್ತು.

ಹೋದ ತಿಂಗಳು ನರಸೀಪುರದ ಒಂದು ಹೈಸ್ಕೂಲಿನವರು ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಕರೆದರು. ಹೋಗಿ ನೋಡಿದರೆ ಅಲ್ಲಿ ವಿಜ್ಞಾನದ ಟೀಚರ್ ನೀವು. ಫಾರ್ಮಸಿ ಓದುತ್ತೇನೆ ಎಂದು ಒಬ್ಬ ಹುಡುಗಿ ಎದ್ದು ನಿಂತಳು. ನೀವು ಹಿಂದೆ ಮಾಡುತ್ತಿದ್ದ ಹಾಗೆ ಅವಳೂ ಲ್ಯಾಬಿನಲ್ಲಿ ಕೆಲಸ ಮಾಡಬೇಕಂತೆ. ನೀವು ನಕ್ಕಿರಿ. "ಲ್ಯಾಬಿಗೆ ಕೈಗುಣ ಬೇಕು ಕಣಮ್ಮ, ನಂಗದು ಇರ್ಲಿಲ್ಲ. ಇವ್ರನ್ನ ಕೇಳು" ಎಂದು ನನ್ನ ಕಡೆ ತೋರಿಸಿದಿರಿ. ನಾನು — ನಾನು ಹೇಳಿದೆ. ಲ್ಯಾಬಿನ ಶಿಸ್ತು, ಶ್ರದ್ಧೆ, ಪ್ರಾಮಾಣಿಕತೆ ಎಂದು ಹತ್ತು ನಿಮಿಷ ಮಾತನಾಡಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನೀವೂ ತಟ್ಟಿದಿರಿ.

ಕೆಲಸವೊಂದನ್ನೇ ಕಸಿದುಕೊಂಡೆ ಎಂದುಕೊಂಡಿದ್ದೆ. ನಿಮ್ಮ ಕೈಯ ಮೇಲಿದ್ದ ನಿಮ್ಮ ನಂಬಿಕೆಯನ್ನೂ ಕಸಿದಿದ್ದೆ. ನಿಮಗೆ ಕೈಗುಣವಿಲ್ಲ ಎಂಬ ಆ ಸುಳ್ಳು ಈಗ ಆ ಹುಡುಗಿಯವರೆಗೂ ಹೋಗಿದೆ.

ಈ ಕಾಗದ ನಿಮಗೆ ತಲುಪಿದ ಮೇಲೆ ಬರುವ ಸೋಮವಾರ ನಿಮ್ಮ ಶಾಲೆಗೆ ಬರುತ್ತೇನೆ. ನೀವು ಒಪ್ಪಿದರೆ ಆ ಮಕ್ಕಳ ಮುಂದೆಯೇ ಎಲ್ಲ ಹೇಳುತ್ತೇನೆ, ಚರ್ಮ ಕೆರೆದವರು ಯಾರು ಎಂಬುದನ್ನೂ ಸೇರಿಸಿ. ಒಪ್ಪದಿದ್ದರೆ, ಒಳಗೆ ಬಿಡಬೇಡಿ. ಶಾಲೆ ಬಿಡುವವರೆಗೆ ಗೇಟಿನ ಹೊರಗೆ ನಿಂತಿರುತ್ತೇನೆ. ಆಮೇಲೂ ಬೇಡವೆಂದರೆ ಹೊರಟುಹೋಗುತ್ತೇನೆ.