ಹನ್ನೊಂದನೆಯ ದಿನ ತೊಳೆದ ಕಲ್ಲುಗಳು

2004ರ ಮಾರ್ಚ್‌ನಲ್ಲಿ ನಾನು ಯೂನಿಯನ್‌ವಿಲ್ ಹತ್ತಿರದ ಒಂದು ಖಾಸಗಿ ಪುರಾತತ್ವ ಸಂಸ್ಥೆಯ ಲ್ಯಾಬ್‌ನಲ್ಲಿ ಲಿಥಿಕ್ ಅನಲಿಸ್ಟ್ ಆಗಿದ್ದೆ. ಸರಳವಾಗಿ ಹೇಳುವುದಾದರೆ, ಕಲ್ಲಿನ ಆಯುಧಗಳನ್ನು ಪರೀಕ್ಷಿಸುವವಳು. ಟೊರಾಂಟೊ ಸುತ್ತಲಿನ ಜೋಳದ ಹೊಲಗಳೆಲ್ಲ ಆಗ ಒಂದೊಂದಾಗಿ ಬಡಾವಣೆಗಳಾಗುತ್ತಿದ್ದವು. ಬುಲ್ಡೋಜರ್ ಇಳಿಯುವ ಮುಂಚೆ ಆ ನೆಲದಲ್ಲಿ ಹಿಂದಿನವರು ಬಾಳಿದ ಕುರುಹು ಇದೆಯೇ ಎಂದು ನೋಡಬೇಕೆಂಬುದು ಇಲ್ಲಿನ ಕಾನೂನು. ನಮ್ಮವರು ಹೊಲ ನಡೆದು, ಸಿಕ್ಕ ಕಲ್ಲುಗಳನ್ನು ಚೀಲದಲ್ಲಿ ತರುತ್ತಿದ್ದರು. ಅವುಗಳನ್ನು ತೊಳೆದು, ಅಳೆದು, ಮೈಕ್ರೋಸ್ಕೋಪಿನ ಕೆಳಗಿಟ್ಟು, ಇದು ಮನುಷ್ಯರು ಕೆತ್ತಿದ್ದೋ ನೇಗಿಲು ತಾಗಿ ಒಡೆದದ್ದೋ ಎಂದು ಹೇಳುವುದು ನನ್ನ ಕೆಲಸ. “ಕಲ್ಲು ತೊಳೆಯಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೇ?” ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ಛೇಡಿಸುತ್ತಿದ್ದರು.

ಅದೇ ವರ್ಷಗಳಲ್ಲಿ ಇಂಟರ್ನೆಟ್ಟಿನ ಹರಾಜುಗಳೂ ಶುರುವಾದವು. ಮನೆಯಲ್ಲಿ ಕೂತೇ ಈಟಿಮೊನೆ, ಬಾಣದ ಮೊನೆಗಳನ್ನು ಕೊಳ್ಳಬಹುದಿತ್ತು. ಇಂಥ ಮೊನೆಗಳಿಗೆ ಇಂಗ್ಲಿಷಿನಲ್ಲಿ ಪಾಯಿಂಟ್ ಎನ್ನುತ್ತಾರೆ. ‘ಹಳೆಯ ಫಾರ್ಮ್ ಒಂದರಲ್ಲಿ ಸಿಕ್ಕಿದ್ದು’ ಎಂಬ ಒಂದು ಸಾಲು, ಕಪ್ಪು ಬಟ್ಟೆಯ ಮೇಲಿಟ್ಟ ಒಂದು ಫೋಟೋ, ಜೊತೆಗೆ ಮಾರುವವನೇ ಬರೆದುಕೊಂಡ ಒಂದು ಸರ್ಟಿಫಿಕೇಟು. ಯಾವ ಫಾರ್ಮ್, ಯಾವ ಊರು ಎಂದು ಕೇಳಿದರೆ ಉತ್ತರವಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೊಳ್ಳುವವರಿಗೆ ಯಾರು ಹೇಳಬೇಕು? ನಮ್ಮ ವೃತ್ತಿಯಲ್ಲಿ ಮಾರಾಟದ ವಸ್ತುವಿಗೆ ಬೆಲೆ ಕಟ್ಟುವ ಹಾಗಿಲ್ಲ. ಹಾಗಾಗಿ ಕೊಂಡದ್ದನ್ನು ಹಿಡಿದು ಬೆಲೆ ಕೇಳಲು ಬಂದವರನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದೆ. ಕೆಲವೊಮ್ಮೆ ಗದರಿಯೂ ಕಳಿಸುತ್ತಿದ್ದೆ.

ಉಪಾಧ್ಯರನ್ನು ಕಳಿಸಲಾಗಲಿಲ್ಲ. ಉಡುಪಿ ಕಡೆಯವರು, ಮನೆಮಾತು ತುಳು. ಮಿಸಿಸಾಗಾದ ಒಂದು ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಪರಿಚಿತ ಕನ್ನಡಿಗರೊಬ್ಬರಿಂದ ನನ್ನ ನಂಬರ್ ಪಡೆದು, ಶಿಫ್ಟು ಮುಗಿಸಿ ನೇರವಾಗಿ ಲ್ಯಾಬಿಗೇ ಬಂದಿದ್ದರು. ಕೈಯಲ್ಲಿ ಬಿಸ್ಕತ್ತಿನ ಒಂದು ಡಬ್ಬ. ಒಳಗೆ ಹತ್ತಿಯ ಮೇಲೆ ಸಾಲಾಗಿ ಹದಿನಾಲ್ಕು ಕಲ್ಲಿನ ಮೊನೆಗಳು.

“ಬೆಲೆ ಹೇಳೋದಿಲ್ಲ ನಾನು” ಎಂದೆ, ಅವರು ಕೂರುವ ಮೊದಲೇ.

“ಬೆಲೆ ಬೇಡ ಮೇಡಂ. ಇದು ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ? ಅಷ್ಟೇ ಕೇಳ್ಲಿಕ್ಕೆ ಬಂದದ್ದು.”

ಮೊನೆಗಳು ಅವರ ಮಗ ಸುಹಾಸನವು. ಯೂನಿವರ್ಸಿಟಿಯಲ್ಲಿ ಎರಡನೆಯ ವರ್ಷದ ಹುಡುಗ. ಕಾಫಿ ಅಂಗಡಿಯಲ್ಲಿ ಪಾರ್ಟ್‌ಟೈಮ್ ದುಡಿದು, ಆ ಹಣದಲ್ಲಿ ಆನ್‌ಲೈನಿನಿಂದ ಒಂದೊಂದೇ ಕೊಂಡಿದ್ದ. ಮನೆಗೆ ಯಾರೇ ಬರಲಿ, ಬೇಸ್‌ಮೆಂಟಿನ ತನ್ನ ಕೋಣೆಗೆ ಕರೆದುಕೊಂಡು ಹೋಗಿ, ಕಂದು ಬಣ್ಣದ ಉದ್ದನೆಯ ಮೊನೆಯೊಂದನ್ನು ಅವರ ಕೈಯಲ್ಲಿಟ್ಟು, ಇದು ಒಂಬತ್ತು ಸಾವಿರ ವರ್ಷ ಹಳೆಯದು ಎನ್ನುತ್ತಿದ್ದನಂತೆ. ಆ ಜನವರಿಯಲ್ಲಿ ಹಿಮ ಗಟ್ಟಿಯಾಗಿ ಜಾರುತ್ತಿದ್ದ ರಸ್ತೆಯಲ್ಲಿ ಕಾರು ಮಗುಚಿಬಿದ್ದು ತೀರಿಕೊಂಡ. ಇಪ್ಪತ್ತು ತುಂಬಿರಲಿಲ್ಲ. ಇಷ್ಟನ್ನು ಉಪಾಧ್ಯರು ನನ್ನ ಮುಖ ನೋಡದೆ, ಡಬ್ಬದ ಮುಚ್ಚಳವನ್ನು ಹಿಡಿದುಕೊಂಡೇ ಹೇಳಿದರು.

ಅವರಲ್ಲಿ ಹತ್ತು ದಿನದ ಸೂತಕ. ಹನ್ನೊಂದನೆಯ ದಿನ ಮನೆಶುದ್ಧ. ತೀರಿಕೊಂಡವನು ಮುಟ್ಟಿದ್ದೆಲ್ಲ ನೀರಿಗೆ ಬೀಳಬೇಕು ಎಂದು ಊರಿನಿಂದ ಉಪಾಧ್ಯರ ತಾಯಿ ಫೋನಿನಲ್ಲಿ ಹೇಳಿದ್ದರು. ಉಪಾಧ್ಯರ ಹೆಂಡತಿ ವಸಂತಿ ಅವನ ಬಟ್ಟೆ ಹಾಸಿಗೆಗಳನ್ನೆಲ್ಲ ಮೆಷೀನಿಗೆ ಹಾಕಿದರು. ದೇವರ ಪಾತ್ರೆಗಳಿಗೆಂದು ಬಿಸಿನೀರಿನಲ್ಲಿ ಹುಣಸೆಹಣ್ಣು ಕಿವುಚಿಟ್ಟಿದ್ದರು. ಮಗನ ಕಲ್ಲುಗಳನ್ನೂ ಅದೇ ಟಬ್ಬಿಗೆ ಇಳಿಸಿದರು. ಸ್ವಲ್ಪ ಹೊತ್ತು ಬಿಟ್ಟು ಬಂದು ನೋಡಿದರೆ ನೀರು ಕಷಾಯದ ಬಣ್ಣಕ್ಕೆ ತಿರುಗಿತ್ತು. ಕಲ್ಲುಗಳು ಬೂದು ಬಣ್ಣದ ಹೊಸ ಚೂರುಗಳಂತೆ ಹೊಳೆಯುತ್ತಿದ್ದವು.

“ಒಂಬತ್ತು ಸಾವಿರ ವರ್ಷ ಇದ್ದದ್ದನ್ನು ಒಂದು ಗಳಿಗೆಯಲ್ಲಿ ತೆಗೆದೆ ಅಂತ ಅವಳದ್ದು. ಮಗ ಬಿಟ್ಟುಹೋದದ್ದು ಅದೊಂದೇ. ಸರಿಯಾಗಿ ಊಟ ಮಾಡುವುದಿಲ್ಲ, ಬೇಸ್‌ಮೆಂಟಿಗೆ ಇಳಿಯುವುದಿಲ್ಲ. ಎಂತ ಮಾಡುವುದು ಹೇಳಿ.”

ಕಲ್ಲುಗಳನ್ನು ಬಿಟ್ಟುಹೋಗಿ, ಎರಡು ದಿನ ಕೊಡಿ ಎಂದೆ. ನಿಜ ಹೇಳುವುದಾದರೆ ಅವರ ಮಾತು ಮುಗಿಯುವಷ್ಟರಲ್ಲೇ ನನಗೆ ಉತ್ತರ ಗೊತ್ತಿತ್ತು. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಕಲ್ಲಿನ ಮೈ ನಿಧಾನವಾಗಿ ಬದಲಾಗುತ್ತದೆ. ಆ ಪದರಕ್ಕೆ ಪ್ಯಾಟಿನಾ ಎನ್ನುತ್ತೇವೆ. ತಾಮ್ರದ ಕೊಡದ ಕಿಲುಬು ಹುಣಸೆಹಣ್ಣಿಗೆ ಬಿಡುತ್ತದೆ. ಪ್ಯಾಟಿನಾ ಹಾಗೆ ಬಿಡುವುದಿಲ್ಲ, ಏಕೆಂದರೆ ಅದು ಮೇಲೆ ಕೂತ ಕೊಳೆಯಲ್ಲ, ಕಲ್ಲೇ ಹಾಗಾಗಿರುತ್ತದೆ. ತೊಳೆದರೆ ಹೋಗುವ ಹಳೆತನ ಹಚ್ಚಿದ ಹಳೆತನ. ಚಹಾದ ಡಿಕಾಕ್ಷನ್, ಶೂ ಪಾಲಿಶ್, ಅಂಟು ಬೆರೆಸಿದ ಮಣ್ಣು, ಹೀಗೆ ಏನೇನೋ ಬಳಿಯುತ್ತಾರೆ.

ಆದರೂ ಹದಿನಾಲ್ಕನ್ನೂ ಒಂದೊಂದಾಗಿ ನೋಡಿದೆ. ಒಂದಾದರೂ ನಿಜವಾಗಿರಲಿ ಎಂದು ಆಸೆಪಟ್ಟೆ; ನನ್ನ ಕೆಲಸದಲ್ಲಿ ಹಾಗೆ ಆಸೆಪಡಬಾರದು. ಕೆತ್ತಿದ ಕುಳಿಗಳ ಮೂಲೆಯಲ್ಲಿ ಅಂಟಿನ ಸಮೇತ ಕಂದು ಬಣ್ಣ ಉಳಿದಿತ್ತು. ಹಳೆಯ ಮೊನೆಯ ಏಣುಗಳು ಮಣ್ಣಿನಲ್ಲಿದ್ದು ಮೊಂಡಾಗಿರುತ್ತವೆ. ಇವು ಬೆರಳು ಕೊಯ್ಯುವಷ್ಟು ಚೂಪಾಗಿದ್ದವು. ಅಂಚುಗಳಲ್ಲಿ ತಾಮ್ರದ ಸಣ್ಣ ಗೆರೆಗಳಿದ್ದವು. ಈಗಿನವರು ಕಲ್ಲು ಕೆತ್ತುವಾಗ ತಾಮ್ರದ ಮೊಳೆಯಿಂದ ಒತ್ತುತ್ತಾರೆ, ಅದರ ಗುರುತು ಅದು. ಐದು ಮೊನೆಗಳ ನಡುಭಾಗದಲ್ಲಿ ಯಂತ್ರದ ಗರಗಸದ ನೇರ ಗೆರೆಗಳೂ ಕಂಡವು. ಉದ್ದನೆಯ ಆ ‘ಒಂಬತ್ತು ಸಾವಿರ ವರ್ಷ’ದ ಮೊನೆ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ ನಕಲಿ. ಮೈಕ್ರೋಸ್ಕೋಪ್ ಆರಿಸಿ, ಕಲ್ಲುಗಳನ್ನು ಮತ್ತೆ ಹತ್ತಿಯ ಮೇಲೆ ಸಾಲಾಗಿ ಇಟ್ಟೆ. ಆ ಮಾರಾಟಗಾರನ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆದರೆ ಒಂದು ಸಮಾಧಾನವಿತ್ತು. ಆ ತಾಯಿ ಏನನ್ನೂ ಹಾಳು ಮಾಡಿರಲಿಲ್ಲ. ಅದನ್ನು ಅವರಿಗೆ ಹೇಳಿದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡೆ.

ಉಪಾಧ್ಯರು ಮತ್ತೆ ಬಂದಾಗ ಎಲ್ಲ ವಿವರಿಸಿದೆ. ಅವರು ಡಬ್ಬದ ಮುಚ್ಚಳ ಹಾಕಿದರು. “ಅಂದ್ರೆ ಮಗನಿಗೆ ಟೋಪಿ ಹಾಕಿದ್ದು” ಎಂದರು. ಆಮೇಲೆ, “ಅವಳಿಗೆ ನೀವೇ ಹೇಳಿ ಮೇಡಂ. ನನ್ನಿಂದ ಆಗುವುದಿಲ್ಲ.”

ಶನಿವಾರ ಸ್ಟ್ರೀಟ್ಸ್‌ವಿಲ್‌ನ ಅವರ ಮನೆಗೆ ಹೋದೆ. ವಸಂತಿ ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಬೇಡವೆಂದರೂ ಕಾಫಿ ಮಾಡಿ ತಂದು, ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತರು. ಡಬ್ಬ ಮೇಜಿನ ಮೇಲಿತ್ತು. ನಾನು ಕಲ್ಲೊಂದನ್ನು ತೆಗೆದು, ಬಣ್ಣ ಉಳಿದಿದ್ದ ಮೂಲೆಯನ್ನು ಲೆನ್ಸಿನಲ್ಲಿ ತೋರಿಸಿದೆ.

“ನೋಡಿ ವಸಂತಿ, ನಿಮ್ಮಿಂದ ಏನೂ ಆಗಿಲ್ಲ. ಇವು ಹಳೇ ಕಲ್ಲುಗಳೇ ಅಲ್ಲ. ಯಾರೋ ಬಣ್ಣ ಹಚ್ಚಿ ಮಾರಿದ್ದಾರೆ. ಹಳೇದಾಗಿದ್ರೆ ನೀವು ಎಷ್ಟು ಉಜ್ಜಿದ್ರೂ ಹೋಗ್ತಿರಲಿಲ್ಲ.”

ಅವರು ಲೆನ್ಸಿನಲ್ಲಿ ನೋಡಲೇ ಇಲ್ಲ. “ಅವ ಎಷ್ಟು ಪುಸ್ತಕ ಓದಿದ್ದ ಅಕ್ಕ. ಅವನಿಗೆ ಗೊತ್ತಾಗ್ತಿರಲಿಲ್ವಾ?”

“ಫೋಟೋ ನೋಡಿ ಕೊಂಡ್ರೆ ಯಾರಿಗೂ ಗೊತ್ತಾಗಲ್ಲ. ಓದ್ಕೊಂಡವರೂ ಮೋಸ ಹೋಗ್ತಾರೆ.”

“ನಿಮಗೆ ಒಮ್ಮೆ ತೋರಿಸಿದ್ರೆ?”

ನಮ್ಮ ಎರಡು ಮನೆಗಳ ನಡುವೆ ಒಂದು ಗಂಟೆಯ ದಾರಿಯೂ ಇರಲಿಲ್ಲ. ಕನ್ನಡಿಗರ ಹಬ್ಬದ ಊಟಗಳಲ್ಲಿ ಅವನೂ ನಾನೂ ಒಂದೇ ಹಾಲ್‌ನಲ್ಲಿ ತಟ್ಟೆ ಹಿಡಿದು ನಿಂತಿದ್ದಿರಬಹುದು. “ತೋರಿಸಿದ್ರೆ ಹೇಳ್ತಿದ್ದೆ” ಎಂದೆ.

ವಸಂತಿ ಡಬ್ಬವನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಉದ್ದನೆಯ ಮೊನೆಯನ್ನು ಎತ್ತಿ ಸೆರಗಿನಿಂದ ಒರೆಸಿದರು. “ಇಲ್ಲ ಅಕ್ಕ. ನೀರು ಬಿಸಿ ಜಾಸ್ತಿ ಆಯ್ತು. ಹುಣಸೆಹುಳಿಯೂ ಜಾಸ್ತಿ ಆಯ್ತು. ನಾನೇ ಹಾಳು ಮಾಡಿದ್ದು.”

“ಅಲ್ಲ ವಸಂತಿ, ನಾನು ನೋಡಿದ್ದೀನಿ...”

“ನೀವು ನೋಡಿದ್ದು ನಾನು ತೊಳೆದ ಮೇಲೆ ಅಲ್ವಾ?” ಎಂದರು. ದನಿ ಏರಲಿಲ್ಲ. “ಇದು ಪೋಸ್ಟಲ್ಲಿ ಬಂದ ದಿನ ಊಟಕ್ಕೆ ಕರೆದ್ರೂ ಬರಲಿಲ್ಲ ಅವ, ಹಿಡ್ಕೊಂಡೇ ಕೂತಿದ್ದ. ಅಷ್ಟು ಖುಷಿ ಸುಳ್ಳು ಅಂತ ನಾನು ಮನಸ್ಸಲ್ಲಿ ಹೇಗೆ ಇಟ್ಕೊಳ್ಳಲಿ? ನಾನು ಹಾಳು ಮಾಡಿದ್ದಾದ್ರೆ ಬೈಲಿಕ್ಕೆ ನಾನು ಇಲ್ಲೇ ಇದ್ದೇನೆ. ಅವನಿಗೆ ಮೋಸ ಮಾಡಿದವರನ್ನು ಎಲ್ಲಿ ಹುಡುಕಿಕೊಂಡು ಹೋಗಲಿ?”

ಉಪಾಧ್ಯರು ಎದ್ದು ಹೋಗಿ ಕಿಟಕಿಯ ಬಳಿ ನಿಂತರು. ನಾನು ಲೆನ್ಸನ್ನು ಬ್ಯಾಗಿಗೆ ಹಾಕಿಕೊಂಡೆ. ತಣ್ಣಗಾದ ಕಾಫಿಯನ್ನು ಕುಡಿದು ಮುಗಿಸಿದೆ. ಮನೆಗೆ ಡ್ರೈವ್ ಮಾಡುವಾಗ ಅಳು ತಡೆಯಲಾಗದೆ ಒಂದು ಪ್ಲಾಜಾದಲ್ಲಿ ಕಾರು ನಿಲ್ಲಿಸಿದೆ. ಆ ಹುಡುಗನ ಮುಖ ಕೂಡ ನನಗೆ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ, ಯಾರಾದರೂ ಕಲ್ಲು ಹಿಡಿದು ಬಂದರೆ ವಾಪಸು ಕಳಿಸುವುದನ್ನು ಬಿಟ್ಟೆ. ಬೆಲೆ ಆಗಲೂ ಹೇಳುತ್ತಿರಲಿಲ್ಲ. ಎಲ್ಲಿ ಸಿಕ್ಕಿದ್ದೆಂದು ಮಾರುವವನನ್ನು ಕೇಳಿ, ಬಿಸಿನೀರಿನಲ್ಲಿ ತೊಳೆದು ನೋಡಿ, ಅಂಚನ್ನು ಲೆನ್ಸಿನಲ್ಲಿ ನೋಡಿ ಎಂದು ಕೂರಿಸಿಕೊಂಡು ಹೇಳುತ್ತಿದ್ದೆ. ಬಂದವರಲ್ಲಿ ಕಾಲೇಜು ಹುಡುಗರಿದ್ದರೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಹೇಳುತ್ತಿದ್ದೆ.

ಮೂರು ವರ್ಷಗಳ ಮೇಲೆ ರಿಚ್ಮಂಡ್ ಹಿಲ್ ದೇವಸ್ಥಾನದ ಊಟದ ಹಾಲ್‌ನಲ್ಲಿ ವಸಂತಿ ಸಿಕ್ಕರು. ಮೈ ತುಂಬಿಕೊಂಡಿದ್ದರು, ಬಡಿಸುವವರ ಸಾಲಿನಲ್ಲಿದ್ದರು. ನನ್ನನ್ನು ಕಂಡು ಸೌಟು ಕೆಳಗಿಟ್ಟು, ಪಕ್ಕದಲ್ಲಿದ್ದ ಹೆಂಗಸಿಗೆ ಪರಿಚಯಿಸಿದರು. “ಇವರೇ ಅಕ್ಕ, ಕಲ್ಲಿನ ಎಕ್ಸ್‌ಪರ್ಟ್. ನಮ್ಮ ಸುಹಾಸನ ಕಲೆಕ್ಷನ್ ನೋಡಿದ್ದಾರೆ. ಒಂಬತ್ತು ಸಾವಿರ ವರ್ಷದ್ದು, ನಾನು ತೊಳೆದು ಹಾಳು ಮಾಡಿದೆನಲ್ಲ, ಅದು.” ಹೇಳಿ ನನ್ನ ಮುಖ ನೋಡಿದರು. ಆ ಹೆಂಗಸೂ ನೋಡಿದಳು.

“ಹೌದು. ತುಂಬಾ ಹಳೇದು. ಒಳ್ಳೇ ಆಯ್ಕೆ ಅವನದು” ಎಂದೆ.

ನಾನು ಕೊಟ್ಟ ಸುಳ್ಳು ಅಭಿಪ್ರಾಯ ಅದೊಂದೇ. ಕಲ್ಲಿನ ವಿಷಯದಲ್ಲಿ ಸತ್ಯವನ್ನು ಹೇಳಲೇಬೇಕು, ಕೇಳಿದವರ ಎದುರಿಗೇ ಹೇಳಬೇಕು. ಈಗಲೂ ನನ್ನ ನಂಬಿಕೆ ಅದೇ. ಅದನ್ನು ಒಮ್ಮೆ ಹೇಳಿ ಮುಗಿಸಿದ ಮೇಲೆ, ಮಗನನ್ನು ಕಳೆದುಕೊಂಡ ತಾಯಿಯ ಎದುರು ಮತ್ತೆ ಮತ್ತೆ ಗೆಲ್ಲುವ ಅಗತ್ಯವಿಲ್ಲ ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು.