ಗಂಗವ್ವನ ಬಿಲ್ಲೆ

೧೯೯೮ರ ಬೇಸಿಗೆ. ನಾನು ಮದುವೆಯಾಗಿ ಬೈಲಹೊಂಗಲದಿಂದ ಪುಣೆಗೆ ಬಂದು ಎರಡು ವರ್ಷವಾಗಿತ್ತು. ನಮ್ಮವರು ಬೆಳಗ್ಗೆ ಆರಕ್ಕೇ ರಾಂಜಣಗಾಂವದ ಕಾರ್ಖಾನೆಗೆ ಹೊರಟುಬಿಡುತ್ತಿದ್ದರು. ಆಮೇಲೆ ಕೋಥರೂಡದ ಎರಡು ಕೋಣೆಯ ಮನೆಯಲ್ಲಿ ನಾನು ಗೋಡೆ ನೋಡುತ್ತ ಕೂರಬೇಕು. ಬೇಸರ ಕಳೆಯಲೆಂದು ನಾನು ಹುಡುಕಿಕೊಂಡ ನೌಕರಿ ಎಂಥದ್ದು ಅಂತೀರಿ? ಊರಾಚೆ ಗುಡ್ಡದ ಮಗ್ಗುಲಲ್ಲಿದ್ದ ಒಂದು ಕಲ್ಲಿನ ಕ್ವಾರಿಯ ಆಫೀಸಿನಲ್ಲಿ ಗುಮಾಸ್ತೆ. ಸುದ್ದಿ ತಿಳಿದ ಅವ್ವ, "ಬಿ.ಕಾಂ. ಕಲ್ತು ಕಲ್ಲ ಒಡಿಯಾಕ ಹೋದೇನ ನೀ?" ಎಂದು ಕಾಗದ ಬರೆಸಿದ್ದಳು.

ಅವ್ವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಂಜೆ ತಲೆ ತೊಳೆದರೆ ನೀರು ಸಿಮೆಂಟಿನ ಬಣ್ಣಕ್ಕೆ ತಿರುಗುತ್ತಿತ್ತು. ಪಕ್ಕದ ಹಳ್ಳಿಯವರಂತೂ ನಮ್ಮ ಹೆಸರೆತ್ತಿದರೆ ಉರಿದು ಬೀಳುತ್ತಿದ್ದರು. ಬಂಡೆಯ ಕುಳಿಗಳಿಗೆ ಮದ್ದು ತುಂಬಿ ಸುರಂಗ ಹಾರಿಸಿದಾಗಲೆಲ್ಲ ಅವರ ಮನೆಗಳ ಗೋಡೆಗಳು ಬಿರುಕು ಬಿಡುತ್ತಿದ್ದವು, ಜೋಳದ ಬೆಳೆಯ ಮೇಲೆ ಧೂಳು ಕೂರುತ್ತಿತ್ತು. ಅವರು ದೂರು ಕೊಟ್ಟರು. ಮೂರು ತಿಂಗಳಲ್ಲಿ ಸುಧಾರಿಸಿಕೊಳ್ಳಿ, ಇಲ್ಲದಿದ್ದರೆ ಬಾಗಿಲು ಹಾಕಿ ಎಂದು ಸರಕಾರದಿಂದ ನೋಟಿಸು ಬಂತು. ಆಗ ಮಾಲೀಕರು ಧಾರವಾಡ ಕಡೆಯ ದೇಶಪಾಂಡೆ ಸರ್ ಅವರನ್ನು ಮ್ಯಾನೇಜರಾಗಿ ಕರೆತಂದರು.

ದೇಶಪಾಂಡೆ ಸರ್ ಸಣ್ಣ ಮೈಕಟ್ಟಿನವರು, ಆದರೆ ಕೂತಲ್ಲಿ ಕೂರುವವರಲ್ಲ. ಬಂದ ತಿಂಗಳೊಳಗೆ ಕಲ್ಲು ಪುಡಿಮಾಡುವ ಕ್ರಶರಿನ ಬಾಯಿಗೆ ನೀರಿನ ತುಂತುರು ಕೂಡಿಸಿದರು, ಧೂಳು ತಡೆಯಲು ಹಳ್ಳಿಯ ಕಡೆಗೆ ಸಾಲಾಗಿ ಸಸಿ ನೆಡಿಸಿದರು. ಕ್ವಾರಿಯ ತಳದಲ್ಲಿ ಹೊಂಡ ತೋಡಿಸಿ, ಬಳಸಿದ ನೀರೆಲ್ಲ ಅಲ್ಲೇ ನಿಂತು ತಿಳಿಯಾಗಿ, ಪಂಪಿನಿಂದ ಮತ್ತೆ ಮೇಲೆ ಬರುವಂತೆ ಮಾಡಿದರು. ಎಲ್ಲ ಕುಳಿಗಳನ್ನು ಒಟ್ಟಿಗೇ ಸಿಡಿಸುವುದನ್ನು ಬಿಟ್ಟು, ಕಣ್ಣು ಮಿಟುಕಿಸುವಷ್ಟು ಅಂತರದಲ್ಲಿ ಒಂದಾದ ಮೇಲೊಂದು ಸಿಡಿಸುವ ಹೊಸ ಸಾಮಾನು ತರಿಸಿದರು. ಇದರಿಂದ ನೆಲ ಅಷ್ಟು ಅದುರುವುದಿಲ್ಲವಂತೆ. "ಮಂದಿ ಮನಿ ಕಟ್ಟೋದು ಬಿಡಂಗಿಲ್ಲ, ನಾವು ಕಲ್ಲು ತಗಿಯೋದು ಬಿಡಂಗಿಲ್ಲ. ಆದರ ಅದಕ್ಕ ಯಾರ ಜೀವಾನೂ ಹೋಗಬಾರದು ನೋಡ್ರಿ," ಎನ್ನುತ್ತಿದ್ದರು.

ಅವರು ತಂದ ಇನ್ನೊಂದು ಪದ್ಧತಿ ಬಿಲ್ಲೆಯ ಬೋರ್ಡು. ಕೆಳಗೆ ಇಳಿಯುವವರು ತಮ್ಮ ಹೆಸರಿನ ತಗಡಿನ ಬಿಲ್ಲೆಯನ್ನು ಬೋರ್ಡಿನ ಮೊಳೆಗೆ ನೇತುಹಾಕಬೇಕು. ಮೇಲೆ ಬಂದಾಗ ತೆಗೆದು ಕೈಯಲ್ಲಿಟ್ಟುಕೊಳ್ಳಬೇಕು. ಬೋರ್ಡು ಪೂರ್ತಿ ಖಾಲಿಯಾದರೆ ಕೆಳಗೆ ಯಾರೂ ಇಲ್ಲವೆಂದು ಅರ್ಥ. ಬಿಲ್ಲೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹಾಜರಿ ಪುಸ್ತಕ ತೆರೆದಿಟ್ಟುಕೊಂಡು ಅದರಲ್ಲಿದ್ದ ಒಂದೊಂದು ಹೆಸರನ್ನೂ ಕುಂಚದಿಂದ ಮುತ್ತು ಪೋಣಿಸಿದ ಹಾಗೆ ಬರೆದೆ. ಬೋರ್ಡು ನೋಡಿ ಸರ್, "ಭಾಳ ಛಂದ ಆಗೇದ ಸುಮಿತ್ರಾಬಾಯಾರ" ಅಂದಾಗ ನಾನು ಉಬ್ಬಿಹೋದೆ.

ಬೋರ್ಡು ಬಂದದ್ದು ಭೀಮಪ್ಪ ಕಾಕಾಗೆ ಮಾತ್ರ ಸೇರಲಿಲ್ಲ. ಅವರು ಇಂಡಿ ಕಡೆಯಿಂದ ಬಂದು ಅಲ್ಲೇ ಮುದುಕರಾದ, ಆಳುಗಳ ಮೇಲ್ವಿಚಾರಣೆ ನೋಡುವ ಮುಕಾದಮರು. ಮೊದಲೆಲ್ಲ ಸುರಂಗ ಹಾರಿಸುವ ಮುಂಚೆ ಅವರು ಕ್ವಾರಿಯ ಅಂಚಿಗೆ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತಿದ್ದರು. ಎಲ್ಲರೂ ಓಗೊಟ್ಟ ಮೇಲೆಯೇ ಮುಂದಿನ ಕೆಲಸ. ಇನ್ನು ಮೇಲೆ ಕೂಗುವುದು ಬೇಡ, ಮೂರು ಸಲ ಭೋಂಗಾ, ಅಂದರೆ ಸೈರನ್ನು, ಕೂಗಿದರೆ ಸಾಕು ಎಂದು ಸರ್ ಹೇಳಿದರು. ಮೊದಲನೆಯದು ಕೆಲಸ ನಿಲ್ಲಿಸಲು, ಎರಡನೆಯದು ಎಲ್ಲರೂ ಮೇಲೆ ಬರಲು. ಮೂರನೆಯದು ಒಂದು ನಿಮಿಷ ಕೂಗಿ ನಿಲ್ಲಬೇಕು. ಅದು ನಿಂತ ಕೂಡಲೇ ಕ್ವಾರಿಯ ಆಚೆ ದಂಡೆಯ ಗೂಡಿನಲ್ಲಿರುವ, ಮದ್ದು ಸಿಡಿಸುವ ಕೆಲಸದ ಶಿಂದೆ ಕೀಲಿ ತಿರುಗಿಸಿ ಸುರಂಗ ಹಾರಿಸಬೇಕು. ಭೋಂಗಾದ ಗುಂಡಿ ನನ್ನ ಮೇಜಿನ ಪಕ್ಕದ ಗೋಡೆಯಲ್ಲಿತ್ತು. ಅದನ್ನು ಒತ್ತಿ ಹಿಡಿಯುವುದೂ ನನ್ನದೇ ಕೆಲಸ.

ಹೊಸ ಪದ್ಧತಿಯ ಮೊದಲ ಸುರಂಗದ ದಿನ ಬಂತು. ಮಧ್ಯಾಹ್ನ ಒಂದೂವರೆ, ಊಟದ ಹೊತ್ತು. ಮೊದಲ ಭೋಂಗಾ ಆಯಿತು, ಎರಡನೆಯದೂ ಆಯಿತು. ಜನ ಮೇಲೆ ಬಂದು ಬಿಲ್ಲೆ ತೆಗೆದುಕೊಂಡು ಬೇವಿನ ಮರಗಳ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತರು. ದೇಶಪಾಂಡೆ ಸರ್ ಕೆಂಪು ನಿಶಾನೆ ಹಿಡಿದು ರಸ್ತೆ ತಡೆಯಲು ಹೊರಟವರು ಕಿಟಕಿಯಲ್ಲಿ ಇಣುಕಿದರು.

"ಬೋರ್ಡ ಖಾಲಿ ಅದ ಏನ್ರಿ?"

"ಖಾಲಿ ಅದರಿ ಸರ್. ಒಂದೂ ಇಲ್ಲ."

ಒಂದೊಂದು ಮೊಳೆಯನ್ನೂ ಬೆರಳಿಟ್ಟು ನೋಡಿಯೇ ಹೇಳಿದ್ದೆ. ಸರ್ ಹೋದರು. ಐದು ನಿಮಿಷ ಕಾದು ನಾನು ಮೂರನೆಯ ಭೋಂಗಾದ ಗುಂಡಿ ಒತ್ತಿದೆ.

ಗುಂಡಿ ಒತ್ತಿಕೊಂಡೇ ಕಿಟಕಿಯಾಚೆ ನೋಡುತ್ತಿದ್ದೆ. ಹತ್ತಿರದ ಬೇವಿನ ಕೆಳಗೆ ಕಲ್ಲು ಒಡೆಯುವ ಹಣಮಂತ ಒಬ್ಬನೇ ಕೂತಿದ್ದ. ಎಲ್ಲರೂ ರೊಟ್ಟಿ ಮುರಿಯುತ್ತಿದ್ದರೆ ಅವನ ಮುಂದಿನ ಬುತ್ತಿ ಗಂಟು ಬಿಚ್ಚದೆ ಹಾಗೇ ಇತ್ತು. ಅವನೂ ಅವನ ಹೆಂಡತಿ ಗಂಗವ್ವನೂ ಒಂದು ದಿನವೂ ಬೇರೆ ಬೇರೆ ಉಂಡವರಲ್ಲ. ಭೋಂಗಾದ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಗಂಗವ್ವ ಎಲ್ಲಿ ಎಂದು ನಾನು ಕೈಸನ್ನೆ ಮಾಡಿದೆ. ಅವನು ನಗುತ್ತ ಸೊಂಟದ ಮೇಲೆ ಕೊಡ ಇಟ್ಟುಕೊಂಡಂತೆ ಮಾಡಿ ಕ್ವಾರಿಯ ಕಡೆ ಬೆರಳು ತೋರಿಸಿದ.

ಕೆಳಗೆ ತಿಳಿನೀರಿನ ಹೊಂಡವಿತ್ತಲ್ಲ! ಅದು ಕಲ್ಲಿನ ರಾಶಿಯ ಹಿಂದೆ ಇದ್ದದ್ದರಿಂದ ಶಿಂದೆಯ ಗೂಡಿನಿಂದ ಕಾಣುತ್ತಿರಲಿಲ್ಲ. ಹಾಗಾದರೆ ಬೋರ್ಡು ಖಾಲಿಯಾದದ್ದು ಹೇಗೆ? ಆ ಕ್ಷಣಕ್ಕೆ ನನಗೆ ಹೊಳೆಯಿತು. ಕ್ವಾರಿಯಲ್ಲಿ ಗಂಡ ಹೆಂಡತಿ ಜೋಡಿಯಾಗಿ ಕೆಲಸ ಮಾಡುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಮೊದಲಿನಿಂದಲೂ 'ಹಣಮಂತ ಜೋಡಿ' ಎಂದು ಒಂದೇ ಸಾಲು. ನಾನು ಅದನ್ನೇ ನೋಡಿಕೊಂಡು ಜೋಡಿಗೆ ಒಂದೇ ಬಿಲ್ಲೆ ಮಾಡಿಸಿದ್ದೆ. ಗಂಡ ಬಿಲ್ಲೆ ತೆಗೆದುಕೊಂಡರೆ ಹೆಂಡತಿಯೂ ಮೇಲೆ ಬಂದ ಲೆಕ್ಕ! ಹೆಣ್ಣಾಗಿ ಹುಟ್ಟಿದ ನನ್ನ ತಲೆಗೇ ಇದು ಹೋಗಿರಲಿಲ್ಲ.

ಎದ್ದು ಓಡಬೇಕು ಅನಿಸಿತು. ಆದರೆ ಬೆರಳು ತೆಗೆದರೆ ಭೋಂಗಾ ನಿಲ್ಲುತ್ತದೆ. ಭೋಂಗಾ ನಿಂತರೆ ಶಿಂದೆ ಕೀಲಿ ತಿರುಗಿಸುತ್ತಾನೆ. ಗೋಡೆಯ ಗಡಿಯಾರದಲ್ಲಿ ಆಗಲೇ ಮುಕ್ಕಾಲು ನಿಮಿಷವಾಗಿತ್ತು. ಗುಂಡಿಯನ್ನು ಗೋಡೆಯೊಳಗೆ ಹೋಗುವ ಹಾಗೆ ಒತ್ತಿ ಹಿಡಿದೆ.

ಭೀಮಪ್ಪ ಕಾಕಾ ಹೊಸ್ತಿಲಲ್ಲಿ ಬೆನ್ನು ತಿರುಗಿಸಿ ಕೂತು ತಂಬಾಕು ತಿಕ್ಕುತ್ತಿದ್ದರು. ಕಿರುಚಿದೆ, ಕೇಳಲಿಲ್ಲ. ಇನ್ನೊಂದು ಕೈಗೆ ಸಿಕ್ಕಿದ್ದು ಅದೇ ಹಾಜರಿ ಪುಸ್ತಕ. ಅದನ್ನೇ ಎತ್ತಿ ಅವರ ಬೆನ್ನಿಗೆ ಬೀಸಿ ಒಗೆದೆ. ಸಿಟ್ಟಿನಿಂದ ಎದ್ದು ಬಂದವರ ಕಿವಿಗೆ ಬಾಯಿಟ್ಟು, "ಕಾಕಾ, ಗಂಗವ್ವ ಕೆಳಗ ಅದಾಳ! ಶಿಂದೆ ಕಡೆ ಓಡ್ರಿ! ನಾ ಇದನ್ನ ಬಿಡಂಗಿಲ್ಲ!" ಎಂದೆ.

ಆ ಮುದುಕರು ಹಾಗೆ ಓಡಿದ್ದನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ರುಮಾಲು ಅರ್ಧ ದಾರಿಯಲ್ಲೇ ಬಿತ್ತು. ಹಿಂದೆಯೇ ಹಣಮಂತನೂ ಏನೋ ಅನಾಹುತವೆಂದು ಎದ್ದು ಓಡಿದ.

ಆ ಹೊತ್ತು ಎಷ್ಟು ಉದ್ದವಾಗಿತ್ತೆಂದು ಹೇಗೆ ಹೇಳಲಿ? ಒಂದು ನಿಮಿಷ ಕೂಗಬೇಕಾದ ಭೋಂಗಾ ಎರಡು ನಿಮಿಷ, ಮೂರು ನಿಮಿಷ ಕೂಗಿತು. ಮೋಟರು ಕಾದು ಸುಟ್ಟ ವಾಸನೆ ಬರತೊಡಗಿತು. ಎಲ್ಲಿ ತಾನಾಗಿಯೇ ನಿಂತುಬಿಡುತ್ತದೋ ಎಂದು ಇನ್ನೊಂದು ಕೈಯನ್ನೂ ಗುಂಡಿಯ ಮೇಲೆ ಒತ್ತಿದೆ. ನಾನು ನಂಬಿದ ದೇವರನ್ನೂ ನಂಬದ ದೇವರನ್ನೂ ಒಟ್ಟಿಗೇ ಕರೆದೆ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಧ್ಯಾನ ಇರಲಿಲ್ಲ.

ಕೊನೆಗೆ ಆಚೆ ದಂಡೆಯಲ್ಲಿ ಭೀಮಪ್ಪ ಕಾಕಾ ಕಂಡರು. ಕೈ ಮೇಲೆತ್ತಿ ಏನನ್ನೋ ಆಡಿಸುತ್ತಿದ್ದರು. ಅದು ಶಿಂದೆಯ ಕೀಲಿ. ಆಮೇಲೂ ನನಗೆ ಬೆರಳು ತೆಗೆಯಲು ಧೈರ್ಯ ಬರಲಿಲ್ಲ. ಭೋಂಗಾ ಯಾಕೆ ನಿಲ್ಲುತ್ತಿಲ್ಲ ಎಂದು ರಸ್ತೆಯಿಂದ ಓಡಿಬಂದ ದೇಶಪಾಂಡೆ ಸರ್, ಕಾಕಾನ ಕೈಯಲ್ಲಿ ಕೀಲಿ ನೋಡಿ, ನನ್ನ ಕೈ ಹಿಡಿದು ಗುಂಡಿಯಿಂದ ಬಿಡಿಸಿದರು. ಭೋಂಗಾ ನಿಂತಿತು. ಏನೂ ಸಿಡಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಹಣಮಂತನ ಮುಂದೆ ಗಂಗವ್ವ ಏರಿ ಬಂದಳು. ಸೊಂಟದ ಮೇಲೆ ತುಂಬಿದ ಕೊಡ, ಆಗಷ್ಟೇ ತೊಳೆದ ಮುಖ. ಗಂಡನನ್ನು ಬಯ್ಯುತ್ತಲೇ ಬರುತ್ತಿದ್ದಳು. "ಮುಖಾ ತೊಳ್ಕೊಂಡು ಒಂದು ಕೊಡಾ ನೀರ ತರಾಕ ಬಿಡಂಗಿಲ್ಲಲ್ರಿ ಅಕ್ಕಾರ! ಆ ಪಂಪಿನ ಸಪ್ಪಳದಾಗ ನನಗೇನ ಕೇಳತೈತಿ?"

"ಭೋಂಗಾ ಕೇಳಿ ನೀನಾದ್ರೂ ಕರಿಬಾರದೇನೋ?" ಎಂದು ಸರ್ ಹಣಮಂತನಿಗೆ ಗದರಿದರು.

"ಸುತ್ತಲಿನ ಕ್ವಾರಿ ಭೋಂಗಾ ದಿನಾ ಕೂಗ್ತಾವಲ್ರಿ," ಎಂದ ಅವನು ಅಳುಕಿನ ದನಿಯಲ್ಲಿ. "ಮುಕಾದಮರು ಇನ್ನಾ ಹೆಸರ ಕೂಗಿಲ್ಲಲ್ಲ, ಹೊತ್ತೈತಿ ಅಂತ ಕುಂತಿದ್ದೆ."

ನಾನು ಗಂಗವ್ವನ ಒದ್ದೆ ತೋಳು ಹಿಡಿದುಕೊಂಡು ಅತ್ತುಬಿಟ್ಟೆ. ಅವಳಿಗೆ ಗಾಬರಿ. "ಯಾಕ್ರಿ ಅಕ್ಕಾರ, ಯಾರ ಏನಂದ್ರು?" ಎಂದು ನನಗೇ ಕೊಡದ ನೀರು ಕುಡಿಸಿದಳು. ಅಷ್ಟು ತಂಪಾದ ನೀರು ನಾನು ಮತ್ತೆಲ್ಲೂ ಕುಡಿದಿಲ್ಲ.

ಅಂದು ಸುರಂಗ ಹಾರಲಿಲ್ಲ. ಸರ್ ನನ್ನನ್ನು ಬಯ್ಯಲಿಲ್ಲ. "ತಪ್ಪು ನಿಮ್ಮದಷ್ಟ ಅಲ್ಲ. ಬೋರ್ಡ ತಂದೆ, ಕೂಗೋರನ್ನ ಬಿಡಿಸಿದೆ. ಎರಡೂ ಇರಬೇಕಿತ್ತು," ಎಂದು ಎಲ್ಲರೆದುರು ಭೀಮಪ್ಪ ಕಾಕಾನ ಮುಂದೆ ಕೈಮುಗಿದರು. ಕಾಕಾ, "ಇರಲಿ ತಗೋರಿ. ಆದ್ರ ಅಕ್ಕಾರ ಬುಕ್ಕ ಭಾಳ ಜೋರ ಒಗೀತಾರ್ರಿ," ಎಂದು ಬೆನ್ನು ಸವರಿಕೊಂಡಾಗ ಎಲ್ಲರಿಗೂ ನಗು. ಜೀವ ಉಳಿದ ಮೇಲೆ ಬರುವ ನಗುವೇ ಬೇರೆ.

ಮರುದಿನ ಹೊಸ ಬಿಲ್ಲೆ ಬರೆಯಲು ಕೂತೆ. ಹಾಜರಿ ಪುಸ್ತಕದಲ್ಲೂ 'ಜೋಡಿ' ಹೊಡೆದುಹಾಕಿ ಪ್ರತಿ ಹೆಂಗಸಿನ ಹೆಸರಿಗೂ ಅವಳದೇ ಸಾಲು ಮಾಡಿದೆ. ಗಂಗವ್ವ ತನ್ನ ಬಿಲ್ಲೆಯ ಮೇಲೆ ಬೆರಳಾಡಿಸಿ, "ಇದು ನನ್ನ ಒಬ್ಬಾಕೀದೇನ್ರಿ? ಇವರ ಹೆಸರ ಇಲ್ಲೇನ್ರಿ ಇದರಾಗ?" ಎಂದು ಎರಡು ಸಲ ಕೇಳಿದಳು. ಅಲ್ಲಿಂದ ಮುಂದೆ ಬೋರ್ಡು ಖಾಲಿಯಾದ ಮೇಲೂ ಭೀಮಪ್ಪ ಕಾಕಾ ಅಂಚಿಗೆ ನಿಂತು ಒಂದೊಂದೇ ಹೆಸರು ಕೂಗುತ್ತಿದ್ದರು. ಅವರು ಕೈಯೆತ್ತುವ ತನಕ ನಾನು ಮೂರನೆಯ ಭೋಂಗಾ ಮುಟ್ಟುತ್ತಿರಲಿಲ್ಲ. ನೋಟಿಸಿನ ಮೂರು ತಿಂಗಳು ಮುಗಿದಾಗ ತಪಾಸಣೆಯಾಯಿತು, ಕ್ವಾರಿ ಉಳಿಯಿತು.

ನನ್ನ ಮಗಳು ಹುಟ್ಟಿದ ಮೇಲೆ ನಾನು ಕೆಲಸ ಬಿಟ್ಟೆ. ೨೦೦೬ರಲ್ಲಿ ಒಂದು ಸಂಜೆ ಕೋಥರೂಡದ ಭಾಜಿ ಮಂಡಿಯಲ್ಲಿ ಯಾರೋ "ಅಕ್ಕಾರ!" ಎಂದು ಸೆರಗು ಹಿಡಿದು ಜಗ್ಗಿದರು. ಗಂಗವ್ವ! ಊರು ಬೆಳೆದು ಕ್ವಾರಿ ಮುಚ್ಚಿತಂತೆ, ಸರ್ ನೆಡಿಸಿದ ಸಸಿಗಳು ಈಗ ನೆರಳು ಕೊಡುವಷ್ಟಾಗಿವೆಯಂತೆ. ಅವಳು ಗಂಡನ ಜೊತೆ ಮೆಂತೆ, ಪಾಲಕ ಮಾರುತ್ತಿದ್ದಳು. "ಕಡೀ ದಿನಾ ಎಲ್ಲಾರೂ ಬಿಲ್ಲಿ ವಾಪಸ್ ಕೊಟ್ಟರ್ರಿ, ನಾ ಕೊಡಲಿಲ್ಲ," ಎಂದು ಸೊಂಟದ ಚೀಲಕ್ಕೆ ಕೈ ಹಾಕಿ, ಬಣ್ಣ ಮಾಸಿದ ತಗಡನ್ನು ನನ್ನ ಅಂಗೈಯಲ್ಲಿಟ್ಟಳು. ನಾನೇ ಬರೆದ ಅಕ್ಷರ.

ಅದನ್ನು ನೋಡುತ್ತಲೇ ನನ್ನ ಹೆಬ್ಬೆರಳಿನಲ್ಲಿ ಆ ಗುಂಡಿಯ ಒತ್ತು ಮತ್ತೆ ಬಂದಂತಾಯಿತು. ಕಣ್ಣು ತುಂಬಿ ಅಕ್ಷರಗಳು ಮಸುಕಾದವು. ಗಂಗವ್ವ ಬಿಲ್ಲೆಯನ್ನು ವಾಪಸು ತೆಗೆದುಕೊಂಡು ಮುಷ್ಟಿ ಮುಚ್ಚಿ ನಕ್ಕಳು. "ಯಾಕ ಅಳತೀರಿ? ಬಿಲ್ಲಿ ನನ್ನ ಕೈಯಾಗ ಐತಲ್ರಿ ಅಕ್ಕಾರ. ನಾ ಮ್ಯಾಲ ಬಂದೇನಿ."